ಕೌಲ್ ಬಜಾರಿನ ಮಾಸ್ಟ್ರು ಇಂಗ್ಲೆಂಡಿನಲ್ಲಿ ಹೊಲಿಗೆಗೆ ಕೂತಿದ್ದು: ಒಂದು ಪ್ರಕರಣ ಅಧ್ಯಯನ

ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ಹನ್ನೊಂದು ಮಷೀನಿನ ಜೀನ್ಸ್ ಯೂನಿಟ್ ಇತ್ತು. ಅದರ ಲೆಕ್ಕ ಬರೆಯುತ್ತಿದ್ದವನು ನಾನು. ಜಿಎಸ್‌ಟಿ ಬಂದ 2017ರಿಂದ ಯೂನಿಟ್ ಮುಚ್ಚಿದ 2022ರವರೆಗೂ ತಿಂಗಳಿಗೊಮ್ಮೆ ಹೋಗಿ ಅಲ್ಲಿ ಕೂರುತ್ತಿದ್ದೆ. ಮಾಲೀಕರು ಮೊದಲು ಬೇರೆಯವರ ಹತ್ತಿರ ಕಟಿಂಗ್ ಮಾಸ್ಟರ್ ಆಗಿದ್ದವರು. ಸ್ವಂತ ಯೂನಿಟ್ ಹಾಕಿದ ಮೇಲೂ ಎಲ್ಲರ ಬಾಯಲ್ಲಿ ಅವರು ಮಾಸ್ಟ್ರೇ. ಹೆಸರು ಬರೀಬೇಡಿ ಅಂದಿದ್ದಾರೆ. ನಾನೂ ಇಲ್ಲಿ ಮಾಸ್ಟ್ರು ಅಂತಲೇ ಕರೆಯುತ್ತೇನೆ.

ಈಗ ಅವರು ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಊರಲ್ಲಿದ್ದಾರೆ. ಲೆಸ್ಟರ್ ನಗರಕ್ಕೆ ಅಲ್ಲಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ. ಬಟ್ಟೆ ಆಲ್ಟರ್ ಮಾಡುವ ಸಣ್ಣ ಧಂದೆ ನಡೆಸುತ್ತಾರೆ. ನಮ್ಮ ಕಡೆಯಿಂದ ನರ್ಸ್ ಕೆಲಸಕ್ಕೆ, ಕಂಪ್ಯೂಟರ್ ಕೆಲಸಕ್ಕೆ ಹೊರದೇಶಕ್ಕೆ ಹೋಗುವವರು ಎಷ್ಟೋ ಜನ. ಅವರ ಜೊತೆ ಹೋಗುವ ಗಂಡನೋ ಹೆಂಡತಿಯೋ ಅಲ್ಲಿ ಏನು ಮಾಡಬೇಕು ಅಂತ ನನ್ನನ್ನು ಕೇಳುವವರೂ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಮಾಸ್ಟ್ರ ಒಪ್ಪಿಗೆ ತಗೊಂಡು ಈ ಒಂದು ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಬಳ್ಳಾರಿ ಜೀನ್ಸ್ ಹೇಗೆ ಆಗುತ್ತದೆ ಅಂತ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮಾಸ್ಟ್ರಿಗೆ ಅಲ್ಲಿ ಎಲ್ಲಿ ಕಷ್ಟ ಬಂತು ಅನ್ನೋದು ತಿಳಿಯಲ್ಲ. ನಮ್ಮಲ್ಲಿ ಒಂದು ಜೀನ್ಸ್ ಪ್ಯಾಂಟು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಕಟಿಂಗ್ ಒಂದು ಕಡೆ. ಜೇಬು ಒಬ್ಬರು, ಜಿಪ್ ಒಬ್ಬರು, ಸೈಡ್ ಹೊಲಿಗೆ ಇನ್ನೊಬ್ಬರು, ಬೆಲ್ಟ್, ಅಂದರೆ ಸೊಂಟದ ಪಟ್ಟಿ, ಮತ್ತೊಬ್ಬರು. ಕಾಜಾ-ಬಟನ್ ಹಾಕೋಕೆ ಬೇರೆ ಅಂಗಡಿ. ಆಮೇಲೆ ವಾಷಿಂಗ್. ವಾಷಿಂಗ್‌ನಿಂದ ಬಂದ ಮೇಲೆ ದಾರ ಕತ್ತರಿಸೋದು ಓಣಿಯ ಮನೆಗಳ ಹೆಂಗಸರು. ಎಲ್ಲದಕ್ಕೂ ಪೀಸಿನ ಲೆಕ್ಕ. ಇಪ್ಪತ್ತು ವರ್ಷ ಜೀನ್ಸ್ ಹೊಲಿದವರನ್ನು ಒಂದು ಪ್ಯಾಂಟು ಪೂರ್ತಿ ಹೊಲಿದುಕೊಡಿ ಅಂದರೆ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಅದು ಅವರ ತಪ್ಪಲ್ಲ. ಧಂದೆ ನಡೆಯೋದೇ ಹಾಗೆ.

ಮಾಸ್ಟ್ರ ಕೈ ಇದ್ದದ್ದು ಕಟಿಂಗ್‌ನಲ್ಲಿ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಗುರುತು ಹಾಕಿ, ಕರೆಂಟಿನ ಕತ್ತರಿ ಓಡಿಸುತ್ತಿದ್ದರು. ಒಂದು ಪ್ಯಾಂಟಿಗೆ ಎರಡು ಇಂಚು ಬಟ್ಟೆ ಉಳಿಸುವ ಲೆಕ್ಕ ಅವರಷ್ಟು ಚೆನ್ನಾಗಿ ಮಾಡುವವರನ್ನು ನಾನು ನೋಡಿಲ್ಲ.

ಅವರ ಹೆಂಡತಿ ಸ್ಟಾಫ್ ನರ್ಸ್. ಕೊರೋನಾ ಸಮಯದಲ್ಲಿ ಯೂನಿಟ್ಟಿಗೆ ಆರ್ಡರ್ ನಿಂತುಹೋಯಿತು. ಆಗ ಹೆಂಡತಿ ಮನೆಯಲ್ಲಿ ರಾತ್ರಿ ಕೂತು ಇಂಗ್ಲಿಷ್ ಪರೀಕ್ಷೆಗೆ ಓದಿದರು. ಬ್ರಿಟನ್ 2020ರ ಆಗಸ್ಟಿನಲ್ಲಿ ಆರೋಗ್ಯ ಕ್ಷೇತ್ರದವರಿಗೆ ಬೇರೆಯೇ ಒಂದು ವೀಸಾ ತಂದಿತ್ತು. ಅದರ ಮೇಲೆ 2021ರ ಅಕ್ಟೋಬರಿನಲ್ಲಿ ಅವರು ಹೋದರು. ಮಾಸ್ಟ್ರು ಮತ್ತು ಮಗಳು 2022ರ ಜೂನಿನಲ್ಲಿ ಹಿಂದೆ ಹೋದರು.

ಹೋಗುವ ಮುಂಚೆ ಇಲ್ಲಿಯ ಕೆಲಸ ಮುಗಿಸಬೇಕಿತ್ತು. ಮಷೀನುಗಳನ್ನು ಮಾರಿದ್ದರಿಂದ 3 ಲಕ್ಷ 40 ಸಾವಿರ ಬಂತು. ಜಿಎಸ್‌ಟಿ ನೋಂದಣಿ ರದ್ದು ಮಾಡಿಸಿದೆವು. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಹಾಕಬೇಕು. ಸುಮಾರು ಜನ ಇದನ್ನು ಮರೆತು ಆಮೇಲೆ ದಂಡ ಕಟ್ಟುತ್ತಾರೆ. ಅದನ್ನು ಸರಿಯಾಗಿ ಮಾಡಿದೆ. ಆದರೆ ಇನ್ನೊಂದನ್ನು ನಾನು ಬಿಟ್ಟೆ. ಹೊರದೇಶದಲ್ಲಿ ನೆಲೆಸಲು ಹೋದವರು ಇಲ್ಲಿಯ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಖಾತೆಯಾಗಿ, ಬದಲಾಯಿಸಿಕೊಳ್ಳಬೇಕು. ಅದನ್ನು ನಾನು ಹೇಳಲಿಲ್ಲ. ಆರು ತಿಂಗಳ ಮೇಲೆ ಆ ಹಣ ಬೇಕಾದಾಗ ಬ್ಯಾಂಕಿನವರು ತಡೆದರು. ಕಾಗದ ಕಳಿಸಿ, ಸಹಿ ದೃಢೀಕರಿಸಿ, ಎಲ್ಲಾ ಮುಗಿಯೋಕೆ ಎರಡು ತಿಂಗಳು ಹಿಡಿಯಿತು. ಈ ತಪ್ಪು ನನ್ನದು. ಈಗ ನನ್ನ ಹತ್ತಿರ ಬರುವ ಎಲ್ಲರಿಗೂ ಮೊದಲು ಇದನ್ನೇ ಹೇಳುತ್ತೇನೆ.

ಅಲ್ಲಿ ಮೊದಲ ಮೂರು ತಿಂಗಳು ಮಾಸ್ಟ್ರು ಮಗಳನ್ನು ಶಾಲೆಗೆ ಬಿಡೋದು, ಕರೆದುಕೊಂಡು ಬರೋದು, ಅಡುಗೆ ಮಾಡೋದು. ರಾತ್ರಿ ಫೋನ್ ಮಾಡಿದರೆ ದನಿ ಸಣ್ಣಗಿರುತ್ತಿತ್ತು. "ಇಲ್ಲಿ ಎಲ್ಲರೂ ನನ್ನ ನರ್ಸಮ್ಮನ ಗಂಡ ಅಂತಾರ ಸರ್, ಮಾಸ್ಟ್ರೇ ಅನ್ನೋರು ಒಬ್ಬರೂ ಇಲ್ರಿ" ಅಂದರು ಒಂದು ದಿನ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಆದರೆ ಅವರು ಮುಂದೆ ಮಾಡಿದ ಮೊದಲ ತಪ್ಪಿಗೆ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಹನ್ನೊಂದು ಮಷೀನಿನ ಮಾಲೀಕ ಆಗಿದ್ದವರಿಗೆ ಮತ್ತೆ ಒಂದು ಮಷೀನಿನಿಂದ ಶುರು ಮಾಡೋಕೆ ಮನಸ್ಸು ಬರಲಿಲ್ಲ. ಮಾಲೀಕರ ಹಾಗೇ ದೊಡ್ಡದಾಗಿ ಯೋಚನೆ ಮಾಡಿದರು. ಬಳ್ಳಾರಿಯಿಂದ ಜೀನ್ಸ್ ತರಿಸಿ ಮಾರೋಣ ಅಂದರು. ನಾನೂ ಬೇಡ ಅನ್ನಲಿಲ್ಲ.

ವೀಸಾ ವಿಷಯ ಇಲ್ಲೇ ಹೇಳುತ್ತೇನೆ. ಅಲ್ಲಿ ನೌಕರಿ ವೀಸಾದಲ್ಲಿ ಇರುವವರ ಗಂಡ ಅಥವಾ ಹೆಂಡತಿ ಸ್ವಂತ ಧಂದೆ ಮಾಡಬಹುದು. ಓದೋಕೆ ಹೋದ ವಿದ್ಯಾರ್ಥಿ ಮಾಡುವ ಹಾಗಿಲ್ಲ. ಇದನ್ನು ಗೊತ್ತಿಲ್ಲದೆ ವಿದ್ಯಾರ್ಥಿ ವೀಸಾದಲ್ಲಿ ಕೇಟರಿಂಗು, ಆನ್‌ಲೈನ್ ಮಾರಾಟ ಅಂತ ಶುರು ಮಾಡಿದರೆ ವೀಸಾಕ್ಕೇ ಕುತ್ತು. ಮಾಸ್ಟ್ರಿಗೆ ಅವಕಾಶ ಇತ್ತು. ಆದರೆ ಅವರ ವೀಸಾ ಹೆಂಡತಿಯ ವೀಸಾಕ್ಕೆ ಕಟ್ಟಿದ್ದು. ಹೆಂಡತಿಯ ನೌಕರಿ ಹೋದರೆ ಇವರ ಅಂಗಡಿಯೂ ಹೋದ ಹಾಗೆ. ಕಷ್ಟ ಬಂತು ಅಂತ ಅಲ್ಲಿನ ಸರ್ಕಾರದ ಭತ್ಯೆಗೂ ಕೈ ಚಾಚುವಂತಿಲ್ಲ. ಹೀಗಿರುವಾಗ ಸಾಲ ಮಾಡಿ ಬಂಡವಾಳ ಹಾಕೋದು ಬೇಡ ಅಂತ ಗಂಡ ಹೆಂಡತಿ ಇಬ್ಬರೂ ಮೊದಲೇ ತೀರ್ಮಾನ ಮಾಡಿದ್ದರು. ಅದು ಒಳ್ಳೆಯ ತೀರ್ಮಾನ.

2022ರ ಅಕ್ಟೋಬರಿನಲ್ಲಿ 180 ಪೀಸು ಹೋಯಿತು. ರಫ್ತು ಕೋಡ್ ಇದ್ದ ಸ್ನೇಹಿತರೊಬ್ಬರ ಮೂಲಕ ಕಳಿಸಿದೆವು. ಒಂದು ಪೀಸು 420 ರೂಪಾಯಿ, ಒಟ್ಟು 75,600. ಕೊರಿಯರ್ 48,600. ಆಗ ಪೌಂಡಿಗೆ ಸುಮಾರು 95 ರೂಪಾಯಿ ಅಂತ ಹಿಡಿದರೆ ಎರಡೂ ಸೇರಿ 1,307 ಪೌಂಡು. ಅಲ್ಲಿ ಇಳಿದಾಗ ಆಮದು ಸುಂಕ, ಅದರ ಮೇಲೆ ಶೇ 20 ವ್ಯಾಟ್ (ನಮ್ಮ ಜಿಎಸ್‌ಟಿ ಥರದ ತೆರಿಗೆ), ಕೊರಿಯರಿನವರ ಶುಲ್ಕ ಎಲ್ಲಾ ಸೇರಿ ಇನ್ನೂ 480. ಒಟ್ಟು 1,787 ಪೌಂಡು. ವ್ಯಾಟ್ ನೋಂದಣಿ ಇದ್ದವರು ಆಮದಿನ ವ್ಯಾಟನ್ನು ವಾಪಸ್ ಪಡೆಯಬಹುದು. ಇಷ್ಟು ಸಣ್ಣ ವ್ಯಾಪಾರಕ್ಕೆ ನೋಂದಣಿ ಕಡ್ಡಾಯ ಅಲ್ಲ, ಮಾಸ್ಟ್ರು ಮಾಡಿಸಿರಲಿಲ್ಲ. ಕಟ್ಟಿದ್ದು ಕಟ್ಟಿದ್ದೇ. ಒಂದು ಪೀಸಿಗೆ ಹತ್ತು ಪೌಂಡು ಬಿತ್ತು. ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲೇ ಜೀನ್ಸ್ 15 ಪೌಂಡಿನ ಆಸುಪಾಸಿಗೆ ಸಿಗುತ್ತಿತ್ತು.

ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಬ್ರಿಟನ್ನಿನಲ್ಲಿ ಬಟ್ಟೆ ಮಾರಬೇಕಾದರೆ ಅದರಲ್ಲಿ ಯಾವ ನೂಲು ಶೇಕಡಾ ಎಷ್ಟಿದೆ ಅಂತ ಲೇಬಲ್ ಇರಲೇಬೇಕು. ನಮ್ಮ ಪೀಸುಗಳಿಗೆ ಅದು ಇರಲಿಲ್ಲ. ಸ್ಟ್ರೆಚ್ ಬಟ್ಟೆಯಲ್ಲಿ ಕಾಟನ್ ಎಷ್ಟು, ಎಳೆದರೆ ಹಿಗ್ಗುವ ಎಲಾಸ್ಟೇನ್ ನೂಲು ಎಷ್ಟು ಅಂತ ನಾನು ಇಲ್ಲಿ ಬಟ್ಟೆ ಕೊಟ್ಟ ಅಂಗಡಿಗೆ ಹೋಗಿ ಕೇಳಿದೆ. ಅವರು ಮಿಲ್ಲಿಗೆ ಕೇಳಿದರು. ಉತ್ತರ ಬರೋಕೆ ಹತ್ತು ದಿನ. ಆಮೇಲೆ ಮಾಸ್ಟ್ರು ಮನೆಯಲ್ಲಿ ಕೂತು ಒಂದೊಂದಕ್ಕೂ ಕೈಯಿಂದ ಲೇಬಲ್ ಹೊಲಿದರು.

ಇನ್ನು ಉದ್ದ. ನಮ್ಮಲ್ಲಿ ಸಾದಾ ಜೀನ್ಸ್ ಉದ್ದವಾಗಿಯೇ ಬರುತ್ತದೆ. ಗಿರಾಕಿ ತಗೊಂಡು ಪಕ್ಕದ ಆಲ್ಟರ್ ಅಂಗಡಿಯಲ್ಲಿ ಮಡಿಚಿಸಿಕೊಳ್ಳುತ್ತಾನೆ. ಅಲ್ಲಿ ಹಾಗಲ್ಲ. ಸೊಂಟ ಒಂದು ನಂಬರು, ಕಾಲಿನ ಉದ್ದ ಇನ್ನೊಂದು ನಂಬರು. 32 ಸೊಂಟ, 30 ಉದ್ದ ಅಂತ ಕೇಳಿ ತಗೋತಾರೆ. ಭಾನುವಾರದ ಬಯಲು ಸಂತೆಯಲ್ಲಿ ಮಾಸ್ಟ್ರು ಮೇಜು ಹಾಕಿ ನಿಂತರೆ ಬಂದವರೆಲ್ಲ ಉದ್ದ ಕೇಳುತ್ತಿದ್ದರು. ಎಲ್ಲವೂ ಒಂದೇ ಉದ್ದ. ಚಳಿ, ಮಳೆ. ಮಾರ್ಚ್‌ವರೆಗೆ ನಿಂತು 97 ಪೀಸು ಮಾರಿದರು, 12 ಪೌಂಡಿಗೆ ಒಂದರಂತೆ. 1,164 ಪೌಂಡು ಬಂತು. 83 ಪೀಸು ಮಂಚದ ಕೆಳಗೆ ಉಳಿಯಿತು.

ಆದರೆ ಆ ಸಂತೆಯಲ್ಲೇ ಒಬ್ಬ ವಯಸ್ಸಾದ ಹೆಂಗಸು ಪ್ಯಾಂಟು ತಿರುಗಿಸಿ ನೋಡಿ, ಗಂಡನಿಗೆ ಉದ್ದ ಆಗುತ್ತದೆ, ಕಡಿಮೆ ಮಾಡಿ ಕೊಡ್ತೀರಾ ಅಂದರು. ಮಾಸ್ಟ್ರು ಮನೆಗೆ ಒಯ್ದು ಮಾಡಿಕೊಟ್ಟರು. ಮುಂದಿನ ಭಾನುವಾರ ಆಕೆ ಮನೆಯಲ್ಲಿದ್ದ ಮೂರು ಪ್ಯಾಂಟು ತಂದರು. ಅವು ನಮ್ಮವಲ್ಲ, ಬೇರೆ ಬೇರೆ ಅಂಗಡಿಯವು. ಮೂರಕ್ಕೂ ದುಡ್ಡು ಎಷ್ಟು ಅಂತ ಕೇಳಿದರು. ಮಾಸ್ಟ್ರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಅದು ಕಾಲು ಗಂಟೆಯ ಚಿಲ್ಲರೆ ಕೆಲಸ ಅಲ್ವಾ? ಐದು ಪೌಂಡು ಅಂದರು. ಆಕೆ ಹತ್ತು ಕೊಟ್ಟು, ಇಷ್ಟು ಕಡಿಮೆ ಹೇಳಿದರೆ ಜನ ನಿನ್ನ ಕೆಲಸವನ್ನು ನಂಬೋದಿಲ್ಲ ಅಂತ ಹೇಳಿ ಹೋದರಂತೆ.

ಈ ಪ್ರಕರಣ ತಿರುಗಿದ್ದು ಇಲ್ಲಿಯೇ. ಬಳ್ಳಾರಿಯಲ್ಲಿ ಯಾವುದಕ್ಕೆ ಬೆಲೆ ಇಲ್ಲವೋ ಅಲ್ಲಿ ಅದಕ್ಕೇ ಬೆಲೆ. ಮಾಸ್ಟ್ರು ತಮ್ಮದು ಅಂದುಕೊಂಡಿದ್ದ ದೊಡ್ಡ ವಿದ್ಯೆ, ಪದರ ಹಾಕಿ ಕತ್ತರಿಸೋದು, ಅಲ್ಲಿ ಯಾರಿಗೂ ಬೇಡ. ಬೇಕಾಗಿದ್ದದ್ದು ದಪ್ಪ ಬಟ್ಟೆಯನ್ನು ಹೆದರದೆ ಮುಟ್ಟುವ ಕೈ.

ಮೊದಲು 60 ಪೌಂಡಿಗೆ ಒಂದು ಹಳೆಯ ಮನೆ ಮಷೀನು ತಂದರು. ಜೀನ್ಸಿನ ಸೈಡ್ ಹೊಲಿಗೆ ಮಡಿಕೆಯ ಮೇಲೆ ಮಡಿಕೆ ಕೂಡಿ ಗಂಟಿನ ಹಾಗೆ ಇರುತ್ತದಲ್ಲ, ಅಲ್ಲಿ ಸೂಜಿ ಪಟ್ ಅಂತ ಮುರಿಯುತ್ತಿತ್ತು. ಆ ಜಾಗವನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಬಟ್ಟೆ ಒತ್ತಿ ಹಿಡಿಯುವ ಮಷೀನಿನ ಪಾದದ ಹಿಂದೆ ಬಟ್ಟೆ ಚೂರು ಮಡಿಚಿ ಇಟ್ಟು ಎತ್ತರ ಸರಿ ಮಾಡಿ, 18 ನಂಬರ್ ಸೂಜಿ ಹಾಕಿ ಹೇಗೋ ನಡೆಸಿದರು. ಎರಡು ತಿಂಗಳ ಮೇಲೆ 280 ಪೌಂಡಿಗೆ ಕಾರ್ಖಾನೆಯ ಹಳೆ ಮಷೀನು, ಸರ್ವೋ ಮೋಟರಿನದು. ಹಳೇ ಕ್ಲಚ್ ಮೋಟರಿನಷ್ಟು ಅದು ಸದ್ದು ಮಾಡೋದಿಲ್ಲ. ಬಾಡಿಗೆ ಮನೆಯಲ್ಲಿ ಇದು ಮುಖ್ಯ. ಮನೆಯಿಂದ ಧಂದೆ ಮಾಡೋಕೆ ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ತಗೊಂಡರು. ಸಾದಾ ಮನೆ ವಿಮೆ ಧಂದೆಯ ಸಾಮಾನಿಗೆ ನಡೆಯೋದಿಲ್ಲ ಅನ್ನೋದೂ ಆಗಲೇ ಗೊತ್ತಾಯಿತು. ಅಂದಹಾಗೆ ಅಲ್ಲೂ ನಮ್ಮ ಹಾಗೇ 230 ವೋಲ್ಟು, 50 ಹರ್ಟ್ಸ್ ಕರೆಂಟು. ಪ್ಲಗ್ಗು ಮಾತ್ರ ಬೇರೆ. ಊರಿಂದ ಸಣ್ಣ ಸಾಮಾನು ಒಯ್ಯುವವರಿಗೆ ಇದು ತಿಳಿದಿರಲಿ.

ಊರಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯವರು ಬಟ್ಟೆ ತಗೊಳ್ಳೋಕೆ ಒಪ್ಪಿದರು. ನೂರಕ್ಕೆ ಮೂವತ್ತು ಅವರಿಗೆ. ಅಂಗಡಿಯ ಯಜಮಾನರು ಗುಜರಾತಿ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಈದಿ ಅಮೀನ್ ಭಾರತ ಮೂಲದವರನ್ನು ಆ ದೇಶದಿಂದ ಹೊರಗೆ ಹಾಕಿದಾಗ ಸಾವಿರಾರು ಜನ ಲೆಸ್ಟರಿಗೆ ಬಂದರಲ್ಲ, ಆಗ ತಂದೆ ತಾಯಿ ಜೊತೆ ಬಂದ ಹುಡುಗ ಅವರು. ಚೀಟಿ ಇಲ್ಲದೆ ಒಂದು ಗುಂಡಿಯನ್ನೂ ತಗೋಬೇಡ ಅಂತ ಮಾಸ್ಟ್ರಿಗೆ ಹೇಳಿದರು. ಬಟ್ಟೆ ಯಾರದು, ಏನು ಮಾಡಬೇಕು, ಎಷ್ಟು ಇಂಚು, ಯಾವತ್ತು ಕೊಡಬೇಕು, ಮೊದಲೇ ಇದ್ದ ಕಲೆ ಯಾವುದು, ಎಲ್ಲಾ ಬರೆದು ಗಿರಾಕಿಯ ಸಹಿ.

ಮಾಸ್ಟ್ರು ಇದನ್ನು ಕೇಳಿಸಿಕೊಂಡರು, ಆದರೆ ಪಾಲಿಸಲಿಲ್ಲ. ನಲವತ್ತು ಪೀಸಿನ ಲೆಕ್ಕ ತಲೆಯಲ್ಲೇ ಇಟ್ಟುಕೊಂಡು ಬೆಳೆದವರು. 2023ರ ಜೂನಿನಲ್ಲಿ ಒಬ್ಬರ ದುಬಾರಿ ಜೀನ್ಸನ್ನು ಎರಡು ಇಂಚು ಜಾಸ್ತಿ ಕತ್ತರಿಸಿಬಿಟ್ಟರು. ಅಳತೆಯನ್ನು ಬರಿಗಾಲಲ್ಲಿ ಹಿಡಿದಿದ್ದರು, ಆತ ಹಾಕೋದು ದಪ್ಪ ಅಟ್ಟೆಯ ಬೂಟು. ಕತ್ತರಿಸಿದ ಮೇಲೆ ಉದ್ದ ಮಾಡೋಕೆ ಆಗುತ್ತಾ? ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಸೇವೆಯನ್ನು ತಕ್ಕಮಟ್ಟಿನ ಎಚ್ಚರ ಮತ್ತು ಕೌಶಲದಿಂದ ಕೊಡಬೇಕು. ಆತ ಜಗಳ ಮಾಡಲಿಲ್ಲ. ಬಿಲ್ಲು ತೋರಿಸಿದ. 140 ಪೌಂಡು ಕೈಯಿಂದ ಹೋಯಿತು. ಆಮೇಲೆ ವಿಮೆ ಮಾಡಿಸಿದರು. ಅದರಲ್ಲೂ ಹೊರಗಿನವರಿಗೆ ಗಾಯ ಆದರೆ ಕೊಡುವ ವಿಮೆ ಒಂದೇ ಸಾಲದು. ನಮ್ಮ ಕೈಯಲ್ಲಿರುವ ಗಿರಾಕಿ ಬಟ್ಟೆಗೂ ರಕ್ಷಣೆ ಇದೆಯಾ ಅಂತ ಬಾಯಿ ಬಿಟ್ಟು ಕೇಳಬೇಕು. ಚೀಟಿ ಪುಸ್ತಕ ಆ ವಾರವೇ ಬಂತು. ಈಗ ಅದರಲ್ಲಿ 'ಯಾವ ಚಪ್ಪಲಿ' ಅಂತ ಒಂದು ಕಾಲಂ ಇದೆ.

ತೆರಿಗೆಯ ವಿಷಯದಲ್ಲಿ ಆಗಸ್ಟಿನಲ್ಲಿ ನಾನು ಹೌಹಾರಿದೆ. ಜೀನ್ಸ್ ವ್ಯಾಪಾರದಲ್ಲಿ ನಷ್ಟ ಆಯಿತಲ್ಲ, ಹಾಗಾಗಿ ಏನೂ ತೋರಿಸೋದು ಬೇಡ ಅಂತ ಮಾಸ್ಟ್ರು ಅಂದುಕೊಂಡಿದ್ದರು. ಅಲ್ಲಿ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5. ಆ ವರ್ಷದಲ್ಲಿ ಸ್ವಂತ ಧಂದೆಯಿಂದ 1,000 ಪೌಂಡಿಗಿಂತ ಜಾಸ್ತಿ ಬಂದರೆ ನೋಂದಣಿ ಮಾಡಿಸಬೇಕು. ಬಂದದ್ದು ಅಂದರೆ ಲಾಭ ಅಲ್ಲ, ಖರ್ಚು ಕಳೆಯುವ ಮುಂಚಿನ ಪೂರ್ತಿ ಹಣ. ಮಾಸ್ಟ್ರದು ಜೀನ್ಸ್ ಮಾರಿದ್ದೇ 1,164. ವರ್ಷ ಮುಗಿದ ಮೇಲಿನ ಅಕ್ಟೋಬರ್ 5 ಕೊನೆಯ ದಿನ. ಒಂದೂವರೆ ತಿಂಗಳು ಬಾಕಿ ಇದ್ದಾಗ ನೋಂದಣಿ ಆಯಿತು, ಹತ್ತು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬಂತು. ರಿಟರ್ನ್ ಹಾಕೋಕೆ ಜನವರಿ 31ರವರೆಗೆ ಸಮಯ ಇರುತ್ತದೆ. 1,000 ಪೌಂಡಿನ ವಿನಾಯಿತಿ ತಗೊಂಡರೆ ನಿಜವಾದ ಖರ್ಚು ತೋರಿಸುವಂತಿಲ್ಲ. ನಮಗೆ ಖರ್ಚು ತೋರಿಸೋದೇ ಸರಿ ಅನ್ನಿಸಿತು.

2023–24ರಲ್ಲಿ ಲಾಭ 5,600 ಪೌಂಡು. ಆದಾಯ ತೆರಿಗೆ 12,570ರ ಮೇಲೆ, ಹಾಗಾಗಿ ತೆರಿಗೆ ಇಲ್ಲ. ಆದರೂ 179 ಪೌಂಡು ಕಟ್ಟಿಸಿದೆ. ಅದು ನ್ಯಾಷನಲ್ ಇನ್ಶೂರೆನ್ಸ್. ಆ ವರ್ಷ 6,725 ಪೌಂಡಿಗಿಂತ ಕಡಿಮೆ ಲಾಭ ಇದ್ದವರು ವಾರಕ್ಕೆ 3.45ರಂತೆ ತಾವಾಗಿ ಕಟ್ಟಬಹುದಿತ್ತು. ಕಟ್ಟಿದರೆ ಅಲ್ಲಿನ ಪಿಂಚಣಿಗೆ ಒಂದು ವರ್ಷ ಲೆಕ್ಕಕ್ಕೆ ಸೇರುತ್ತದೆ. ಪಿಂಚಣಿ ಬರಬೇಕಾದರೆ ಕನಿಷ್ಠ ಹತ್ತು ವರ್ಷ ಬೇಕು. ಅಲ್ಲೇ ಉಳಿಯುವವರಿಗೆ ಇಷ್ಟು ಅಗ್ಗಕ್ಕೆ ಬೇರೇನೂ ಸಿಗೋದಿಲ್ಲ.

ಈಗ ಜಿಪ್ ವಿಷಯ. ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಬಟ್ಟೆಯಲ್ಲಿ ಉದ್ದ ಕಡಿಮೆ ಮಾಡೋದರ ನಂತರ ಜಾಸ್ತಿ ಕೇಳೋದು ಜಿಪ್ ಬದಲಾಯಿಸೋದು. ಉದ್ದಕ್ಕೆ 12 ಪೌಂಡು, ಜಿಪ್ಪಿಗೆ 18. ಮಾಸ್ಟ್ರಿಗೆ ಜಿಪ್ ಬರುತ್ತಿರಲಿಲ್ಲ. ಹನ್ನೊಂದು ಮಷೀನಿನ ಮಾಲೀಕರು, ಒಂದು ಜಿಪ್ ಕೂಡ ಸ್ವತಃ ಕೂರಿಸಿರಲಿಲ್ಲ. ಅವರ ಯೂನಿಟ್ಟಿನಲ್ಲಿ ಜಿಪ್ ಹಾಕುತ್ತಿದ್ದವರು ಒಬ್ಬ ಅಕ್ಕ. ಬೇರೆ ಬೇರೆ ಯೂನಿಟ್ಟುಗಳಲ್ಲಿ ಇಪ್ಪತ್ತೆರಡು ವರ್ಷ ಅದೊಂದೇ ಕೆಲಸ ಮಾಡಿದವರು. ಯೂನಿಟ್ ಮುಚ್ಚಿದ ಮೇಲೆ ಮನೆಯಲ್ಲೇ ಒಂದು ಮಷೀನು ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಿದ್ದರು.

ಮಾಸ್ಟ್ರು ಅವರಿಗೆ ಫೋನ್ ಮಾಡೋಕೆ ಒಂದು ವಾರ ಹಿಂದೆ ಮುಂದೆ ನೋಡಿದರು. ಕೂಲಿ ಕೊಟ್ಟವರು ಈಗ ಕಲಿಸಿಕೊಡಿ ಅಂತ ಕೇಳಬೇಕಲ್ಲ. ಕೊನೆಗೆ ಕೇಳಿದರು. ಅಕ್ಕ, "ಅದಕ್ಕೇನಂತ್ರಿ ಮಾಸ್ಟ್ರೇ, ಫೋನು ಸೂಜಿ ಕಡೆ ತಿರುಗಿಸ್ರಿ, ನಿಮ್ಮ ಮುಖ ನೋಡಿ ನಾನೇನು ಮಾಡ್ಲಿ" ಅಂದರಂತೆ.

ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಮಗಳನ್ನು ಶಾಲೆಗೆ ಬಿಟ್ಟು ಬಂದು ಮಾಸ್ಟ್ರು ಕೂತರೆ ಇಲ್ಲಿ ಅಕ್ಕನ ಊಟ ಮುಗಿದಿರುತ್ತಿತ್ತು. ಮಂಚದ ಕೆಳಗಿನ 83 ಪೀಸು ಈಗ ಕೆಲಸಕ್ಕೆ ಬಂತು. ಒಂದೊಂದರದ್ದೇ ಜಿಪ್ ಬಿಚ್ಚಿ ಮತ್ತೆ ಹಾಕೋದು. ಹೊಸದಾಗಿ ಹಾಕೋದು ಸುಲಭ. ಹೊಲಿದು ಮುಗಿದ ಪ್ಯಾಂಟಿನಲ್ಲಿ ಬೆಲ್ಟನ್ನು ಅರ್ಧ ಬಿಚ್ಚಿ, ಹಳೆ ತೂತುಗಳ ಮೇಲೇ ಹೊಸ ಹೊಲಿಗೆ ಬೀಳುವ ಹಾಗೆ ಕೂರಿಸೋದು ಬೇರೆಯೇ ಕೆಲಸ. ಅಕ್ಕನಿಗೂ ಅದು ಹೊಸದು. ಬಳ್ಳಾರಿಯಲ್ಲಿ ಅವರು ಹೊಸ ಜಿಪ್ ಮಾತ್ರ ಹಾಕಿದ್ದರು. ಅವರು ತಮ್ಮ ಮನೆಯಲ್ಲಿ ಹಳೆ ಪ್ಯಾಂಟು ಬಿಚ್ಚಿ ಮೊದಲು ತಾವು ಮಾಡಿ ನೋಡಿ, ಮಾರನೇ ದಿನ ಮಾಸ್ಟ್ರಿಗೆ ಹೇಳುತ್ತಿದ್ದರು. ಇಬ್ಬರೂ ಕೂಡಿಯೇ ಕಲಿತರು ಅನ್ನಬೇಕು.

ಅಕ್ಕನಿಗೆ ತಿಂಗಳಿಗೆ 60 ಪೌಂಡು ಕೊಡ್ತೀನಿ ಅಂತ ಮಾಸ್ಟ್ರೇ ಹೇಳಿದರು. ಸುಮ್ನೆ ಯಾರ ಕೈಯಲ್ಲೋ ಕಳಿಸೋದು ಬೇಡ, ಬ್ಯಾಂಕಿನ ಮೂಲಕ ಕಳಿಸಿ, ರಸೀದಿ ಇರಲಿ ಅಂತ ನಾನು ಹಟ ಹಿಡಿದೆ. ಧಂದೆಗೆ ಬೇಕಾದ ಕಲಿಕೆಯ ಖರ್ಚನ್ನು ಅಲ್ಲಿ ಲೆಕ್ಕದಲ್ಲಿ ತೋರಿಸಬಹುದು. ಕಾಗದಗಳನ್ನು ರಿಟರ್ನಿನ ಕೊನೆಯ ದಿನದ ನಂತರ ಐದು ವರ್ಷ ಇಟ್ಟಿರಬೇಕು.

2024–25ರಲ್ಲಿ ಮಾಸ್ಟ್ರಿಗೆ ಬಂದದ್ದು 16,400 ಪೌಂಡು, ಖರ್ಚು 5,100, ಲಾಭ 11,300. ಹೆಂಡತಿಯ ಸಂಬಳದ ಮುಂದೆ ಇದು ಕಡಿಮೆಯೇ. ಆದರೂ ಮನೆ ಬಾಡಿಗೆ ಈಗ ಇದರಿಂದ ನಡೆಯುತ್ತಿದೆ. ಇನ್ನೊಂದು ಮಷೀನು ತಗೊಂಡು ಒಬ್ಬರನ್ನು ಇಟ್ಟುಕೊಳ್ಳಲಾ ಅಂತ ಕೇಳಿದರು. ನಾನು ಇನ್ನೊಂದು ವರ್ಷ ತಡೀರಿ ಅಂದೆ. ಯಾರನ್ನಾದರೂ ಕೆಲಸಕ್ಕೆ ಇಟ್ಟ ದಿನದಿಂದ ಅಲ್ಲಿನ ಕಾನೂನು ಬೇರೆ, ಮಾಲೀಕನ ವಿಮೆ ಕಡ್ಡಾಯ, ಕನಿಷ್ಠ ಕೂಲಿ ಕಡ್ಡಾಯ. ವೀಸಾ ನವೀಕರಣವೂ ಎದುರಿಗಿದೆ.

ಡಿಸೆಂಬರಿನಲ್ಲಿ ಅವರು ಊರಿಗೆ ಬಂದಿದ್ದರು. ಬಂದ ಎರಡನೇ ದಿನವೇ ಬೆಳಿಗ್ಗೆ ಒಗ್ಗಾಣಿ-ಮಿರ್ಚಿ ಕಟ್ಟಿಸಿಕೊಂಡು ಅಕ್ಕನ ಮನೆಗೆ ಹೋದರು. ಒಂಬತ್ತು ದಿನ ಅಲ್ಲೇ ಕೂತು ಹೊಲಿದರು. ಅಕ್ಕ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದರು. ಸರಿ ಇಲ್ಲದಿದ್ದರೆ ಏನೂ ಅನ್ನದೆ ಬ್ಲೇಡು ತಗೊಂಡು ಬಿಚ್ಚಿ ಮುಂದೆ ಇಡುತ್ತಿದ್ದರು. ಹೊರಡುವ ಮುಂಚೆ ಒಂದು ರಟ್ಟಿನ ಮೇಲೆ ಐದು ಜಿಪ್ ಪಟ್ಟಿ ಹೊಲಿದು ಕೊಟ್ಟರು. ಒಂದೊಂದು ಒಂದೊಂದು ಹಂತಕ್ಕೆ ನಿಲ್ಲಿಸಿದ್ದು.

ಆ ವರ್ಷದ ರಸೀದಿಗಳಿಗೆ ಸಹಿ ಹಾಕೋಕೆ ಅಕ್ಕ ನನ್ನ ಆಫೀಸಿಗೆ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಹೆಸರು, ಅವರ ಕೆಲಸ, ಅವರ ದುಡ್ಡು ಮೂರೂ ಒಂದೇ ಕಾಗದದಲ್ಲಿ ಇದ್ದದ್ದು ಅದೇ ಮೊದಲು. ಹನ್ನೊಂದು ಮಷೀನಿನ ಯೂನಿಟ್ಟಿನಲ್ಲಿ ಅವರ ಪೀಸುಗಳ ಲೆಕ್ಕ ಬರೆದವನು ನಾನೇ. ಆದರೆ ಆ ಪುಸ್ತಕದಲ್ಲಿ ಇದ್ದದ್ದು 'ಜಿಪ್ ಕೂಲಿ' ಅಂತ ಮಾತ್ರ. ರಸೀದಿಯಲ್ಲಿ ಯಾವ ಕೆಲಸಕ್ಕೆ ಅಂತ ಏನು ಬರೀಲಿ ಅಕ್ಕಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಕಾಗದ ನೋಡಿದರು.

"ಜಿಪ್ ಕಲಿಸಿದ್ದಕ್ಕೆ ಅಂತ ಬರೀರಿ" ಅಂದರು.